ತನ್ನ ಮೇಲೇ ಸೆಳೆತ

ಆಟೋಸೆಕ್ಷುಯಲ್ ಅಂದರೆ ಸಾಕು, 'ಓ, ಜಂಬದ ಕೋಳಿ' ಅಂತ ನಗುವವರೇ ಜಾಸ್ತಿ. ಜಂಬಕ್ಕೂ ಇದಕ್ಕೂ ಎಲ್ಲಿಯ ಸಂಬಂಧ? ಜಂಬದವರಿಗೆ ಸುತ್ತ ಹೊಗಳುವವರು ಬೇಕು. ಆಟೋಸೆಕ್ಷುಯಲ್ ಆದವರ ಲೈಂಗಿಕ ಸೆಳೆತ ಮುಖ್ಯವಾಗಿ ತಮ್ಮ ಮೇಲೆಯೇ ಇರುತ್ತದೆ, ಅಷ್ಟೇ. ಇವರಲ್ಲಿ ಕೆಲವರಿಗೆ ಸಂಗಾತಿಯೂ ಇರುತ್ತಾರೆ.

ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿರುವ ನನ್ನ ಗೆಳತಿ ಕುಂದಾಪುರದ ಕಡೆಯವಳು. ಮೊನ್ನೆ ಮಾಟುಂಗಾದಲ್ಲಿ ಕಾಫಿ ಕುಡಿಯುವಾಗ ಹೇಳಿದಳು: "ಯಾರನ್ನು ನೋಡಿದ್ರೂ ಏನೂ ಅನ್ನಿಸುದಿಲ್ಲ ಮಾರಾಯ್ತಿ. ಚೆಂದದ ಸೀರೆ ಉಟ್ಟು ಕಪಾಟಿನ ಕನ್ನಡಿ ಮುಂದೆ ನಿಂತ್ರೆ ಮಾತ್ರ ಅನ್ನಿಸ್ತದೆ." ಹೇಳುತ್ತಾ ಸ್ಟೀಲ್ ಲೋಟವನ್ನು ಸುಮ್ನೆ ತಿರುಗಿಸುತ್ತಲೇ ಇದ್ದಳು. ಅತ್ತ ಅವಳಮ್ಮ ವಾಟ್ಸಾಪ್‌ನಲ್ಲಿ ಹುಡುಗನ ಜಾತಕ ಕಳಿಸಿದ್ದಾರೆ.

1989ರಲ್ಲಿ ಬರ್ನಾರ್ಡ್ ಆಪ್ಫೆಲ್‌ಬಾಮ್ ಎಂಬ ಸೆಕ್ಸ್ ಥೆರಪಿಸ್ಟ್ ಈ ಪದ ಬಳಸಿದ್ದು ಬೇರೆಯವರು ಮುಟ್ಟಿದರೆ ಮೈ ಸ್ಪಂದಿಸದವರ ಬಗ್ಗೆ. ಆಮೇಲೆ ಜನರೇ ಅದನ್ನು ತಮ್ಮ ಗುರುತಾಗಿ ಮಾಡಿಕೊಂಡರು. ಇದನ್ನು ಬೇರೆಯೇ ಲೈಂಗಿಕ ಒಲವು ಅನ್ನಬೇಕೋ ಬೇಡವೋ ಅನ್ನೋ ಚರ್ಚೆ ಮುಗಿದಿಲ್ಲ, ಸಂಶೋಧನೆಯೂ ಕಮ್ಮಿ. ನನಗಂತೂ ಒಲವು ಅಂತಲೇ ಅನ್ನಿಸುತ್ತದೆ. ನನ್ನ ಗೆಳತಿಯೇನು ಕೂತು ಆರಿಸಿಕೊಂಡದ್ದಲ್ಲ ಅಲ್ವಾ?

(2022ರಲ್ಲಿ ವಡೋದರಾದ ಯುವತಿಯೊಬ್ಬಳು ತನ್ನನ್ನೇ ಮದುವೆಯಾಗಿ ಸುದ್ದಿಯಾದಳಲ್ಲ, ಅದು ಬೇರೆ ವಿಷಯ. ಅದು ಮದುವೆಯ ಮಾತು, ಸೆಳೆತದ್ದಲ್ಲ.)

ನನ್ನ ಗೆಳತಿಗೆ ಇದ್ಯಾವ ಚರ್ಚೆಯೂ ಬೇಕಿರಲಿಲ್ಲ. ಅಮ್ಮನಿಗೆ ಏನು ಹೇಳುವುದು ಅಂತ ಕೇಳಿದಳು. "ಮದುವೆ ಬೇಡ ಅಂತ ಹೇಳು. ಕಾರಣ ಹೇಳಲೇಬೇಕು ಅಂತೇನಿಲ್ಲ," ಅಂದೆ. ಜಾತಕಕ್ಕೆ ಇನ್ನೂ ಉತ್ತರ ಕಳಿಸಿಲ್ಲವಂತೆ.