ಕಾಲು ಕಟ್ಟಿದ ಎತ್ತು

ನಿನ್ನೆ ರಾತ್ರಿ ಸುಮ್ನೆ ಮೊಬೈಲ್‌ನಲ್ಲಿ ಚಿತ್ರಕಲಾವಿದ ತೈಯಬ್ ಮೆಹ್ತಾ ಅವರ ಚಿತ್ರಗಳನ್ನು ನೋಡುತ್ತಾ ಕೂತಿದ್ದೆ. ರೊಟ್ಟಿ ಬಡಿದು ಮುಗಿಸಿ ಅವ್ವ ಪಕ್ಕದಲ್ಲಿ ಬಂದು ಕೂತಳು. ಕಾಲು ಕಟ್ಟಿ ಕೆಡವಿದ ಎತ್ತಿನ ಚಿತ್ರ ಅದು. ರಕ್ತ ಇಲ್ಲ, ಕಣ್ಣೀರಿಲ್ಲ. ಬಣ್ಣ, ಗೆರೆ ಅಷ್ಟೇ. ಆದರೂ ಅವ್ವ, "ಯಪ್ಪಾ, ಎಷ್ಟ ಬಿಗಿದಾರೋ ಅದನ್ನ!" ಅಂದಳು.

ನಮ್ಮ ವಿಜಯಪುರದ ಕಡೆ ಲಾಳ ಹೊಡೆಯುವಾಗ ಎತ್ತನ್ನು ಹೀಗೇ ಕೆಡವುತ್ತಾರೆ. ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಅಪ್ಪನ ಜೊತೆ ಹೋದವಳು ಅವಳು. ಎತ್ತಿನ ಮೈ ನಡುಗುವುದನ್ನು ಹತ್ತಿರದಿಂದ ಕಂಡವಳು. ಆಧುನಿಕ ಚಿತ್ರ ನಮಗೆ ಅರ್ಥ ಆಗಲ್ಲ ಅಂತೀವಲ್ಲ, ಅವ್ವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

1947ರ ಗಲಭೆಯಲ್ಲಿ ಮುಂಬೈಯ ಬೀದಿಯಲ್ಲಿ ಜನ ಒಬ್ಬನನ್ನು ಹೊಡೆದು ಕೊಂದದ್ದನ್ನು ಮೆಹ್ತಾ ತಮ್ಮ ಕಿಟಕಿಯಿಂದ ನೋಡಿದ್ದರು. ಆ ನೋಟ ಅವರನ್ನು ಬಿಡಲೇ ಇಲ್ಲ. ಕಟ್ಟಿದ ಎತ್ತು, ಕೆಳಗೆ ಬೀಳುವ ಮನುಷ್ಯ, ಮತ್ತೆ ಮತ್ತೆ ಬರೆದರು. ಸಂಕಟಕ್ಕೆ ಇದಕ್ಕಿಂತ ನಿಜವಾದ ಮುಖ ನಾನು ಕಂಡಿಲ್ಲ.

"ಆಮ್ಯಾಲೆ ಬಿಚ್ಚಿದರೇನು?" ಅಂತ ಕೇಳಿದಳು ಅವ್ವ.

ಮೆಹ್ತಾ ಆ ಎತ್ತುಗಳನ್ನು ಕಂಡಿದ್ದು ಕಸಾಯಿಖಾನೆಯಲ್ಲಿ. ಹೇಳಲು ಬಾಯಿ ಬರಲಿಲ್ಲ.