ನವೆಂಬರ್ 11 ಎಲ್ಲರ ಯುದ್ಧದ ಕೊನೆಯಲ್ಲ

ಮಾನಸಗಂಗೋತ್ರಿಯಲ್ಲಿ ಕೂತು ಮೊದಲ ಮಹಾಯುದ್ಧ ಓದುವವರು ಈಗಿನ ಇಸ್ರೇಲಿನ ಹೈಫಾದಿಂದ ಶುರು ಮಾಡಿ ನೋಡಿ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆಯ ಮೇಲೆ ಈಟಿ ಹಿಡಿದೇ ಆ ಊರನ್ನು ಗೆದ್ದರು. ಫಿರಂಗಿಗಳಿದ್ದ ಕಾರ್ಮೆಲ್ ಬೆಟ್ಟ ಹತ್ತಿದವರಲ್ಲಿ ನಮ್ಮ ಮೈಸೂರಿನ ಸವಾರರೂ ಇದ್ದರು. ಎದುರಿಗಿದ್ದದ್ದು ಮುಖ್ಯವಾಗಿ ಆಟೊಮನ್, ಅಂದರೆ ತುರ್ಕಿ ಸಾಮ್ರಾಜ್ಯದ, ಸೇನೆ.

ಹೆಚ್ಚಿನವರು ಎಡವುವುದು ಇಲ್ಲೇ, ಯುದ್ಧ ಎಲ್ಲರಿಗೂ ನವೆಂಬರ್ 11ಕ್ಕೇ ಮುಗಿಯಿತು ಎಂದುಕೊಂಡು. ನವೆಂಬರ್ 11 ಜರ್ಮನಿಯ ಕದನವಿರಾಮ. ಆಟೊಮನ್ನರದು ಅಕ್ಟೋಬರ್ 30ರಂದೇ ಮುಡ್ರೋಸ್‌ನಲ್ಲಿ ಸಹಿಯಾಗಿತ್ತು. ಕದನವಿರಾಮವೆಂದರೆ ಗುಂಡು ನಿಂತಿತು ಅಷ್ಟೇ, ಗಡಿ, ಪರಿಹಾರ ತೀರ್ಮಾನವಾಗುವುದು ಶಾಂತಿ ಒಪ್ಪಂದದಲ್ಲಿ. 1919ರ ವರ್ಸೇಲ್ಸ್ ಒಪ್ಪಂದ ಜರ್ಮನಿಗೆ ಮಾತ್ರ. ತುರ್ಕಿಗೆ 1920ರ ಸೆವ್ರೆ. ಅದನ್ನು ತುರ್ಕಿಯ ರಾಷ್ಟ್ರೀಯವಾದಿ ನಾಯಕ ಮುಸ್ತಫಾ ಕೆಮಾಲ್ ಒಪ್ಪದೆ ಹೋರಾಡಿದ್ದರಿಂದ 1923ರಲ್ಲಿ ಲೊಸಾನ್‌ನಲ್ಲಿ ಹೊಸದಾಗಿ ಬರೆಯಬೇಕಾಯಿತು.

ನೋಟ್ಸ್‌ನಲ್ಲಿ ನಾಲ್ಕು ಕಾಲಂ ಹಾಕಿ: ದೇಶ, ಕದನವಿರಾಮ, ಒಪ್ಪಂದ, ಆಮೇಲೆ ಅದೇನಾಯಿತು. ನಾಲ್ಕನೆಯದನ್ನು ಖಾಲಿ ಬಿಡಲೇಬೇಡಿ, ನಿಜವಾದ ಇತಿಹಾಸ ಇರುವುದೇ ಅಲ್ಲಿ.

ಜರ್ಮನಿ ಗೆದ್ದವರಿಗೆ ಕೊಡಬೇಕಿದ್ದ ಪರಿಹಾರದ ಮೊತ್ತವೂ ಹಾಗೆಯೇ. 13,200 ಕೋಟಿ ಚಿನ್ನದ ಮಾರ್ಕ್ ಎಂದು ವರ್ಸೇಲ್ಸ್ ಒಪ್ಪಂದದಲ್ಲಿ ಹುಡುಕಿದರೆ ಸಿಗದು. ಅದು ನಿಗದಿಯಾದದ್ದು 1921ರಲ್ಲಿ. ಅದರಲ್ಲೂ 8,200 ಕೋಟಿಯ ‘ಸಿ’ ದರ್ಜೆಯ ಬಾಂಡ್‌ಗಳು (ಸಾಲಪತ್ರಗಳು) ಬಹುಮಟ್ಟಿಗೆ ಕಾಗದದ ಮೇಲಷ್ಟೇ ಉಳಿದವು.