ತಾರಾಗುಚ್ಛದ ವಯಸ್ಸು ಬಣ್ಣದಲ್ಲೇ ಇದೆ

ತಾರಾಗುಚ್ಛ ಎಂದರೆ ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಗುಂಪು. ಅವನ್ನು ನೋಡಲು, ಜನವರಿ ಮಧ್ಯದಲ್ಲಿ ಅಮಾವಾಸ್ಯೆ ಹತ್ತಿರವಿದ್ದರೆ, ರಾತ್ರಿ 9ರ ಹೊತ್ತಿಗೆ ಕಡೂರು ಅಥವಾ ಅರಸೀಕೆರೆ ಕಡೆಯ ಬಯಲಿಗೆ 10x50 ಬೈನಾಕ್ಯುಲರ್ ಹಿಡಿದು ಹೋಗಿ. ಕಾಫಿ ತೋಟದ ನಡುವೆ ನಿಂತರೆ ಸಿಲ್ವರ್ ಓಕ್ ಮರಗಳೇ ಅರ್ಧ ಆಕಾಶ ನುಂಗುತ್ತವೆ.

ಮೊದಲು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜ. ಸಾಲಾಗಿರುವ ಮೂರು ನಕ್ಷತ್ರಗಳ ಕೆಳಗೆ ಬೂದುಬಣ್ಣದ ಮಸುಕು ಕಾಣುತ್ತದೆ. ಸುಮಾರು 1,350 ಜ್ಯೋತಿರ್ವರ್ಷ ದೂರದ ಈ ನೀಹಾರಿಕೆಯಲ್ಲಿ, ಅಂದರೆ ಅನಿಲ ಮತ್ತು ಧೂಳಿನ ಮೋಡದಲ್ಲಿ, ನಕ್ಷತ್ರಗಳು ಈಗಲೂ ಹುಟ್ಟುತ್ತಿವೆ. ಫೋಟೋದ ಗುಲಾಬಿ ಬಣ್ಣ ಕಣ್ಣಿಗೆ ಕಾಣದು. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ.

ನಕ್ಷತ್ರ ಹುಟ್ಟಲು ಮೋಡ ತಣ್ಣಗಿರಬೇಕು, ಸುಮಾರು ಮೈನಸ್ 260 ಡಿಗ್ರಿ ಸೆಲ್ಸಿಯಸ್. ಬಿಸಿಯಾದರೆ ಅನಿಲದ ಒತ್ತಡವೇ ಗುರುತ್ವವನ್ನು ತಡೆದುಬಿಡುತ್ತದೆ. ಕುಸಿದ ಗಂಟಿನ ಒಡಲು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಸಮ್ಮಿಲನ (ಪರಮಾಣು ಬೀಜಗಳು ಬೆಸೆದು ಶಕ್ತಿ ಹೊಮ್ಮುವುದು) ಹತ್ತಿಕೊಳ್ಳುತ್ತದೆ. ಸೂರ್ಯನ ರಾಶಿಯ ಶೇ. 8ಕ್ಕಿಂತ ಕಡಿಮೆ ಇದ್ದರೆ ಅದು ಹತ್ತಿಕೊಳ್ಳುವುದೇ ಇಲ್ಲ, ಕಂದು ಕುಬ್ಜವಾಗಿ ಉಳಿಯುತ್ತದೆ. ಭಾರೀ ನಕ್ಷತ್ರಗಳು ಹುಟ್ಟಿದ ಕೂಡಲೇ ತಮ್ಮ ನೇರಳಾತೀತ ಕಿರಣದಿಂದ ಸುತ್ತಲ ಅನಿಲವನ್ನು ಓಡಿಸುತ್ತವೆ. ಹಿಡಿದಿಟ್ಟಿದ್ದ ಅನಿಲ ಹೋದ ಮೇಲೆ ಗುಚ್ಛದ ಬಿಗಿ ಸಡಿಲಾಗುತ್ತದೆ. ಎಷ್ಟೋ ಗುಚ್ಛಗಳು ಎಳೆವಯಸ್ಸಿನಲ್ಲೇ ಚದುರಿಹೋಗುವುದು ಹೀಗೆ.

ಉಳಿದುಕೊಂಡದ್ದರಲ್ಲಿ ಕೃತ್ತಿಕೆ ಒಂದು. ಈ ಹೊತ್ತಿಗೆ ನೆತ್ತಿಯ ಸಮೀಪ ಇರುತ್ತದೆ. ವಯಸ್ಸು 10 ಕೋಟಿ ವರ್ಷಕ್ಕೆ ತುಸು ಹೆಚ್ಚು, ಗುಚ್ಛಗಳ ಲೆಕ್ಕದಲ್ಲಿ ಇನ್ನೂ ಎಳೆಯದು, ಅದಕ್ಕೇ ನೀಲಿ ನಕ್ಷತ್ರಗಳೇ ಮಿನುಗುತ್ತಿವೆ. ಸುತ್ತಲಿನ ನೀಲಿ ಮಬ್ಬನ್ನು ಹುಟ್ಟಿದ ಮೋಡದ ಉಳಿಕೆ ಎಂದುಕೊಳ್ಳಬೇಡಿ, ಅದು ದಾರಿಯಲ್ಲಿ ಸಿಕ್ಕ ಬೇರೆಯೇ ಧೂಳು.

ಪಕ್ಕದಲ್ಲೇ ರೋಹಿಣಿ. ಅದರ ಸುತ್ತ ಇಂಗ್ಲಿಷಿನ 'ವಿ' ಆಕಾರದಲ್ಲಿ ಹರಡಿರುವುದು ಹಯಾಡೀಸ್ ಗುಚ್ಛ, ಸುಮಾರು 65 ಕೋಟಿ ವರ್ಷದ್ದು. ರೋಹಿಣಿ ಮಾತ್ರ ಈ ಗುಚ್ಛಕ್ಕೆ ಸೇರಿದ್ದಲ್ಲ: ಅದು 65 ಜ್ಯೋತಿರ್ವರ್ಷದಲ್ಲಿದೆ, ಗುಚ್ಛ 150ರ ಆಚೆ. ಬೈನಾಕ್ಯುಲರ್ ನಿಧಾನವಾಗಿ ಸರಿಸಿದರೆ ಗುಚ್ಛದ ನಾಲ್ಕು ಕಿತ್ತಳೆ ದೈತ್ಯಗಳು ಸಿಗುತ್ತವೆ. ಒಡಲಿನ ಹೈಡ್ರೋಜನ್ ಮುಗಿದು ಉಬ್ಬಿದ ನಕ್ಷತ್ರಗಳಿವು. ಭಾರ ಹೆಚ್ಚಿದಷ್ಟೂ ಇಂಧನ ಬೇಗ ಖಾಲಿ. ಸೂರ್ಯನ ಬಾಳು 1,000 ಕೋಟಿ ವರ್ಷವಾದರೆ, ಹತ್ತು ಪಟ್ಟು ಭಾರದ್ದಕ್ಕೆ ಎರಡು-ಮೂರು ಕೋಟಿಯಷ್ಟೇ. ಭಾರೀ ನಕ್ಷತ್ರಗಳೇ ನೀಲಿ, ಹಾಗಾಗಿ ಗುಚ್ಛದಲ್ಲಿ ನೀಲಿ ಮೊದಲು ಅಳಿಯುತ್ತದೆ. ಎಲ್ಲಿಯವರೆಗೆ ಅಳಿದಿದೆ ಎಂದು ನೋಡಿಯೇ ಖಗೋಳ ವಿಜ್ಞಾನಿಗಳು ಗುಚ್ಛದ ವಯಸ್ಸು ಕಟ್ಟುತ್ತಾರೆ. ನನಗೆ ಇದಕ್ಕಿಂತ ಸೊಗಸಾದ ಅಳತೆ ಖಗೋಳದಲ್ಲಿ ಇನ್ನೊಂದಿಲ್ಲ.

ನಮ್ಮ ಕಡೆಯ ದೊಡ್ಡ ಕಾಟ ಇಬ್ಬನಿ. ಲೆನ್ಸ್ ಮಸುಕಾದರೆ ಬಟ್ಟೆಯಲ್ಲಿ ಒರೆಸಬೇಡಿ, ಧೂಳು ಉಜ್ಜಿ ಗೀರು ಬೀಳುತ್ತದೆ. ದಪ್ಪ ಕಪ್ಪು ಕಾಗದ ಸುತ್ತಿ, ಲೆನ್ಸಿನ ಮುಂದೆ 7-8 ಸೆಂ.ಮೀ. ಚಾಚುವ ಕೊಳವೆ ಮಾಡಿ. ನೋಡದಿರುವಾಗ ಲೆನ್ಸ್ ನೆಲಕ್ಕೆ ಮುಖ ಮಾಡಿರಲಿ.

ತೀರಾ ಮುದಿ ಗುಚ್ಛಕ್ಕೆ ಮೇ ತಿಂಗಳವರೆಗೆ ಕಾಯಬೇಕು. ಮೇ ಮಧ್ಯದಲ್ಲಿ ರಾತ್ರಿ 10ರ ಸುಮಾರಿಗೆ, ಸಂಜೆಯ ಗುಡುಗುಮಳೆ ತೊಳೆದ ಆಕಾಶವಿದ್ದರೆ, ನೇರ ದಕ್ಷಿಣದಲ್ಲಿ 29 ಡಿಗ್ರಿ ಎತ್ತರಕ್ಕೆ ಒಮೇಗಾ ಸೆಂಟಾರಿ ಬರುತ್ತದೆ. ಸುಮಾರು ಒಂದು ಕೋಟಿ ನಕ್ಷತ್ರಗಳು ಚೆಂಡಿನಂತೆ ಒತ್ತಾಗಿ ಸೇರಿದ ಗೋಳಗುಚ್ಛ. ಬೈನಾಕ್ಯುಲರ್‌ನಲ್ಲಿ ಹತ್ತಿಯುಂಡೆಯಂತೆ ಕಾಣುವ ಅದನ್ನು ಬಿಡಿಬಿಡಿ ನಕ್ಷತ್ರಗಳಾಗಿ ನೋಡಲು 6 ಇಂಚಿನ ದೂರದರ್ಶಕ ಇದ್ದರೆ ಚೆನ್ನ.